ಕರಾವಳಿಯಲ್ಲಿ ಹೊಸ ಸಭೆಯನ್ನು ಕಟ್ಟುವವರಿಗೆ

ಮಂಗಳೂರಿನಲ್ಲಿ ಹೊಸ ಕ್ರೈಸ್ತ ಸಭೆಯನ್ನು ಆರಂಭಿಸುವವರು ಮೊದಲು ಆರಾಧನೆಯ ಭಾಷೆಯನ್ನು ನಿರ್ಧರಿಸಬೇಕು. 1834ರಲ್ಲಿ ಇಲ್ಲಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ತುಳು, ಕನ್ನಡಗಳನ್ನು ಕಲಿತು, 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, ಜನರು ತಮ್ಮ ಮಾತಿನಲ್ಲೇ ದೇವರ ವಾಕ್ಯವನ್ನು ಓದುವಂತೆ ಮಾಡಿದ್ದರಿಂದಲೇ ಅವರ ಸಭೆಗಳು ಬೇರೂರಿದವೆಂದು ನಾನು ನಂಬುತ್ತೇನೆ. ಆದ್ದರಿಂದ ತುಳು ಅಥವಾ ಕೊಂಕಣಿ ಮನೆಮಾತಿನ ಕುಟುಂಬಗಳಿಗೆ ಕನ್ನಡದ ಪ್ರಸಂಗವೊಂದೇ ಸಾಕೆಂದು ಭಾವಿಸದೆ, ಹಾಡು ಮತ್ತು ಪ್ರಾರ್ಥನೆಯನ್ನಾದರೂ ಅವರ ಭಾಷೆಯಲ್ಲಿ ನಡೆಸಿರಿ.

ಪಕ್ಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಿಂದಲೋ ಕಥೋಲಿಕ ಇಗರ್ಜಿಯಿಂದಲೋ ಜನರನ್ನು ಸೆಳೆದುಕೊಳ್ಳುವುದು ಬೆಳವಣಿಗೆಯಲ್ಲ. ಅಲ್ಲಿನ ಸಭಾಪಾಲಕರನ್ನೂ ಧರ್ಮಗುರುಗಳನ್ನೂ ಮೊದಲೇ ಭೇಟಿಯಾಗಿ ನಿಮ್ಮ ಉದ್ದೇಶವನ್ನು ತಿಳಿಸಿರಿ.

ಸಭೆಯನ್ನು ಟ್ರಸ್ಟ್ ಆಗಿ ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಕಾಣಿಕೆಯ ಹಣವನ್ನು ಸಂಸ್ಥೆಯ ಖಾತೆಯಲ್ಲೇ ಇಡಿರಿ. ಕೃಷಿ ಜಮೀನಿನಲ್ಲಿ ಕಟ್ಟುವುದಾದರೆ ಭೂಪರಿವರ್ತನೆ, ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸಿಕೊಳ್ಳುವುದು, ಅಗತ್ಯ.

ಎಲ್ಲಕ್ಕಿಂತ ಕಠಿಣವಾದುದು ಜನರನ್ನು ಉಳಿಸಿಕೊಳ್ಳುವುದು. ನರ್ಸಿಂಗ್ ಓದಲು ಬಂದವರು ಕೋರ್ಸ್ ಮುಗಿದೊಡನೆ ಹೊರಡುತ್ತಾರೆ, ದುಡಿಯುವ ವಯಸ್ಸಿನ ಅನೇಕರು ಕೊಲ್ಲಿ ರಾಷ್ಟ್ರಗಳಿಗೆ ತೆರಳುತ್ತಾರೆ. ಹೀಗಾಗಿ ಊರಿನಲ್ಲೇ ನೆಲೆಸಿರುವ ಮಹಿಳೆಯರನ್ನೂ ಹಿರಿಯರನ್ನೂ ಆರಂಭದಿಂದಲೇ ಮನೆಕೂಟಗಳ (ಮನೆಗಳಲ್ಲಿ ಸೇರುವ ಪ್ರಾರ್ಥನಾ ಕೂಟಗಳ) ಹೊಣೆಗೆ ಸಿದ್ಧಗೊಳಿಸಿ, ಪ್ರತಿಯೊಂದು ಜವಾಬ್ದಾರಿಗೂ ಇಬ್ಬರನ್ನು ತರಬೇತುಗೊಳಿಸಿರಿ.