ಪ್ರಾರ್ಥನೆಗೆ ಮಾತು ಸಿಗದಿದ್ದರೆ ನೆಹೆಮೀಯ 1 ತೆರೆಯಿರಿ

ಪ್ರಾರ್ಥನೆಗೆ ಕೂತರೆ ಎರಡೇ ನಿಮಿಷಕ್ಕೆ ಮಾತು ಮುಗಿಯುತ್ತದೆ ಅನ್ನುವವರು ಪೆನ್ಸಿಲ್ ಹಿಡಿದು ಬೈಬಲಿನ ನೆಹೆಮೀಯ 1:5-11 ಓದಿ; ಪರ್ಷಿಯದ ಅರಸನ ಸೇವೆಯಲ್ಲಿದ್ದ ಯೆಹೂದ್ಯ ನೆಹೆಮೀಯನ ಪ್ರಾರ್ಥನೆ ಅದು. 5ನೇ ವಚನ ಸ್ತುತಿ. 6-7 ಪಾಪದ ಅರಿಕೆ. ಜನರ ತಪ್ಪು ಹೇಳುವಾಗ ತನ್ನನ್ನೂ ತನ್ನ ತಂದೆಯ ಮನೆಯವರನ್ನೂ ಸೇರಿಸಿಕೊಳ್ಳುತ್ತಾನೆ, ಗಮನಿಸಿ. 8-9ರಲ್ಲಿ ದೇವರು ಮೋಶೆಗೆ ಕೊಟ್ಟ ಮಾತನ್ನು ದೇವರಿಗೇ ನೆನಪಿಸುತ್ತಾನೆ. ತನ್ನ ಕೆಲಸದ ಬೇಡಿಕೆ ಬರುವುದು ಕೊನೆಗೆ, 11ರಲ್ಲಿ: ಅರಸನ ದಯೆ ಸಿಗಲಿ ಅಂತ. ನಾವು ಎಡವುವುದು ಇಲ್ಲೇ. ಬೇಡಿಕೆಯಿಂದಲೇ ಶುರು, ಪಟ್ಟಿ ಮುಗಿದರೆ ಆಮೆನ್!

ಒಂದು ವಾರ ಇದೇ ಕ್ರಮ ಹಿಡಿದು, ಪ್ರತಿ ಭಾಗಕ್ಕೂ ನಿಮ್ಮದೇ ಎರಡು ವಾಕ್ಯ ಸೇರಿಸಿ ಬಾಯಿಬಿಟ್ಟು ಹೇಳಿ. ಉದ್ದವೇ ಮುಖ್ಯವಲ್ಲ; 2:4ರಲ್ಲಿ ಅದೇ ನೆಹೆಮೀಯ ಅರಸನೆದುರು, ಉತ್ತರ ಕೊಡುವ ಮುಂಚಿನ ಕ್ಷಣದಲ್ಲೇ ಪ್ರಾರ್ಥಿಸಿದ. ಮನಸ್ಸು ಭಾರವಾಗಿ ಸ್ತುತಿಯೇ ಬಾರದಿದ್ದರೆ ಕೀರ್ತನೆ 13; ಅದು ದೂರಿನಿಂದಲೇ ಆರಂಭವಾಗುತ್ತದೆ.