ಸ್ಕೋರ್ 760 ಇದ್ದರೂ ಬಿಟಿ ಕಾರ್ಡ್ ಕೊಡಲಿಲ್ಲ, ಕೊನೆಗೆ ನಾನು ಮಾಡಿದ್ದು ಹೀಗೆ

ಬ್ಯಾಲೆನ್ಸ್ ಟ್ರಾನ್ಸ್‌ಫರ್ (ಬಿಟಿ) ಅಂದರೆ ಒಂದು ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಗೆ ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಹೊರಳಿಸೋದು. ಅದು ಬೇಕು ಅಂತ ಹೊಸ ಕಾರ್ಡಿಗೆ ಅರ್ಜಿ ಹಾಕುತ್ತಾ ಹೋಗಬೇಡಿ. ಕೈಯಲ್ಲಿರೋ ಇನ್ನೊಂದು ಹಳೆ ಕಾರ್ಡಿನ ಮೇಲೇ ಬಿಟಿ ಸಿಗುತ್ತೆ, ಅದಕ್ಕೆ ಮೊದಲು ಲಿಮಿಟ್ಟಿನಲ್ಲಿ ಸ್ವಲ್ಪ ಜಾಗ ಮಾಡಿಕೊಳ್ಳಬೇಕು ಅಷ್ಟೆ. ನಾನು ಇದನ್ನು ಹೇಳಿದಾಗ ಬಾಗಲಕೋಟೆಯ ನಮ್ಮ ವ್ಯಾಪಾರಿ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. "ಹೊಸಾ ಕಾರ್ಡ್ ಕೊಡದವ್ರು ಹಳೇದಕ್ಕ ಕೊಡ್ತಾರೇನ್ರೀ?" ಅಂದರು. ಈಗ ನನ್ನ ಕಂತು ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಇಳಕಲ್ ಸೀರೆ, ಗುಳೇದಗುಡ್ಡ ಖಣದ ವ್ಯಾಪಾರ. ಮದುವೆ ಸೀಜನ್ನಿಗೆ ಮಾಲು ತುಂಬಲು ಕಾರ್ಡ್ ಬಳಸಿದ್ದೆ. ಪರ ಊರಿನ ಅಂಗಡಿಗಳಿಗೆ ಕೊಟ್ಟ ಉದ್ರಿ ಬರೋದು ತಡವಾಯಿತು. 2.5 ಲಕ್ಷ ಲಿಮಿಟ್ಟಿನ ಕಾರ್ಡಿನಲ್ಲಿ 2.2 ಲಕ್ಷದ ಹತ್ತಿರ ಬಾಕಿ ನಿಂತಿತು. ತಿಂಗಳಿಗೆ 3.5% ಬಡ್ಡಿ, ಅಂದರೆ 7,700. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ. ಎರಡೂ ಸೇರಿ 9,000 ದಾಟುತ್ತಿತ್ತು. ಮಿನಿಮಮ್ ಡ್ಯೂ, ಅಂದರೆ ತಿಂಗಳಿಗೆ ಕನಿಷ್ಠ ಕಟ್ಟಲೇಬೇಕಾದದ್ದು, 5% ಲೆಕ್ಕದಲ್ಲಿ 11,000. ಅಷ್ಟು ಕಟ್ಟಿದರೂ ಅಸಲು ಇಳಿಯೋದು ಎರಡು ಸಾವಿರದ ಒಳಗೇ. ಆದರೂ ಒಂದು ಸಲವೂ ಗಡುವು ದಾಟಿಸಿರಲಿಲ್ಲ. ಸಿಬಿಲ್ ಸ್ಕೋರ್ (ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕ) 760ರ ಆಸುಪಾಸು ಇತ್ತು.

ಇಂಥ ಸ್ಕೋರ್ ಇದ್ದವನಿಗೆ ಯಾರು ಇಲ್ಲ ಅಂತಾರೆ ಅಲ್ವಾ? ಹೊಸ ಕಾರ್ಡಿಗೆ ಅರ್ಜಿ ಹಾಕಿದ ಬ್ಯಾಂಕಿನವರೆಲ್ಲ ಇಲ್ಲ ಅಂದರು. ಒಂದು ಬ್ಯಾಂಕಿನ ಆ್ಯಪ್ ಪಿನ್‌ಕೋಡ್ ಹಾಕಿದ ತಕ್ಷಣ ನಿಂತುಬಿಟ್ಟಿತು, "ಈ ಪ್ರದೇಶದಲ್ಲಿ ಸೇವೆ ಇಲ್ಲ". ನಮ್ಮ ಬಾಗಲಕೋಟೆ ನವನಗರದವರಿಗೆ ಇದು ಹೊಸದಲ್ಲ. ಆಲಮಟ್ಟಿ ಹಿನ್ನೀರಿನ ಮುಳುಗಡೆಯಿಂದ ಹುಟ್ಟಿದ ಊರು ಇದು. ನನ್ನ ಮನೆ ಇಲ್ಲಿ ಸೆಕ್ಟರಿನಲ್ಲಿ, ಪಿನ್ 587103. ಅಂಗಡಿ ಹಳೆ ಊರಲ್ಲಿ, ಪಿನ್ 587101. ಆಧಾರ್‌ನಲ್ಲಿ ಒಂದು, ಜಿಎಸ್‌ಟಿ ನೋಂದಣಿಯಲ್ಲಿ ಇನ್ನೊಂದು. ಇನ್ನೊಂದು ಬ್ಯಾಂಕ್ ಇದೇ ಕಾರಣಕ್ಕೆ ವಿಳಾಸ ತಾಳೆ ಆಗ್ತಿಲ್ಲ ಅಂತ ಬಿಟ್ಟಿತು. ಮತ್ತೊಂದು ಕಡೆಯಿಂದ ಮನೆ ನೋಡಲು ಹುಡುಗ ಬಂದ, ಫೋಟೋ ತೆಗೆದ, ಚಹಾ ಕುಡಿದ, ಹೋದ. ವಾರ ಕಳೆದ ಮೇಲೆ ಒಂದು ಸಾಲಿನ ಮೆಸೇಜ್, ಬ್ಯಾಂಕಿನ ನೀತಿಯ ಪ್ರಕಾರ ಅರ್ಜಿ ತಿರಸ್ಕೃತ.

ಇಲ್ಲಿಂದ ನಾನು ದಾರಿ ಬದಲಿಸಿದೆ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮದಲ್ಲಿ ಒಂದು ಮಾತಿದೆ. ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. "ನೀತಿ" ಅನ್ನೋದು ಕಾರಣ ಅಲ್ಲ. ಆ ನಿಯಮವನ್ನು ಹೆಸರಿಸಿ ಬ್ಯಾಂಕಿನಲ್ಲಿ ದೂರು ನೋಡುವ ನೋಡಲ್ ಅಧಿಕಾರಿಗೆ ಮೇಲ್ ಹಾಕಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಸುಮ್ನೆ ಸಮಯ ಹಾಳು. ಒಂದು ಬ್ಯಾಂಕ್ ಉತ್ತರ ಕೊಡಲೇ ಇಲ್ಲ. ಇನ್ನೊಂದು ಕೊಟ್ಟಿತು, ಅದರಲ್ಲಿ ಎರಡು ಕಾರಣ ಇದ್ದವು. ಇರುವ ಕಾರ್ಡಿನ ಬಳಕೆ ಲಿಮಿಟ್ಟಿಗೆ ಹೋಲಿಸಿದರೆ ಜಾಸ್ತಿ. ಜಾಮೀನು ನಿಂತ ಒಂದು ಸಾಲ ಇನ್ನೂ ಬಾಕಿ.

ಎರಡನೇದು ನೋಡಿ ನನಗೆ ಸಿಟ್ಟೇ ಬಂತು. ಮುಧೋಳ ಕಡೆಯ ನಮ್ಮ ಕಾಕಾನ ಟ್ರ್ಯಾಕ್ಟರ್ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ. ಕಬ್ಬಿನ ಬಿಲ್ ಬಂದಾಗ ಕಾಕಾ ಅದನ್ನು ಪೂರ್ತಿ ತೀರಿಸಿ ಎರಡು ವರ್ಷದ ಮೇಲಾಗಿತ್ತು. ನಮ್ಮ ದೇಶದಲ್ಲಿ ಎಲ್ಲರ ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಬ್ಯೂರೋ ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ನಾವೆಲ್ಲ ಸಿಬಿಲ್ ಒಂದನ್ನೇ ನೋಡಿ ಸಮಾಧಾನ ಪಡ್ತೀವಿ. ನಾಲ್ಕನ್ನೂ ತೆಗೆಸಿ ಮುಂದಿಟ್ಟುಕೊಂಡೆ. ಮೂರರಲ್ಲಿ ಆ ಸಾಲ ಮುಗಿದಿದೆ, ಒಂದರಲ್ಲಿ ಮಾತ್ರ ಬದುಕಿದೆ. ನನ್ನ ಅರ್ಜಿ ಬಿಟ್ಟ ಬ್ಯಾಂಕ್ ನೋಡಿದ್ದು ಅದನ್ನೇ.

ಕಾಕಾನ ಜೊತೆ ಹೋಗಿ ಸಾಲ ಕೊಟ್ಟ ಶಾಖೆಯಿಂದ ಬೇಬಾಕಿ ಪತ್ರ ತಂದೆ. ಸ್ಕ್ಯಾನ್ ಮಾಡಿ ಬ್ಯೂರೋಗೂ ಶಾಖೆಗೂ ಒಟ್ಟಿಗೇ ದೂರು ಹಾಕಿದೆ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನೋ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೇಲ್‌ನ ಕೊನೆಯಲ್ಲಿ ಅದನ್ನೂ ಸೇರಿಸಿದೆ. ಮೂರು ವಾರದ ಒಳಗೇ ಸರಿಯಾಯಿತು. ಆ 100 ರೂಪಾಯಿಗೆ ಇರುವ ತೂಕ ನಮ್ಮ ಹತ್ತು ಫೋನ್ ಕರೆಗೂ ಇಲ್ಲ.

ಈಗ ಉಳಿದದ್ದು ಬಳಕೆಯ ತೊಂದರೆ. 2.5 ಲಕ್ಷದಲ್ಲಿ 2.2 ಲಕ್ಷ ಅಂದರೆ 88%. 30% ಒಳಗಿದ್ದರೆ ಚೆಂದ ಅಂತಾರೆ, ಅಷ್ಟು ದುಡ್ಡಿದ್ದರೆ ಬಿಟಿ ಯಾಕೆ ಬೇಕು? ಹೀಗಾಗಿ ಬಂಗಾರಕ್ಕೆ ಕೈ ಹಾಕಿದೆ. ಮನೆಯವಳ ಪಾಟ್ಲಿ, ಬಿಲ್ವಾರ ಸೇರಿ ಎರಡೂವರೆ ತೊಲೆ ಹತ್ತಿರ. ಸರ್ಕಾರಿ ಬ್ಯಾಂಕಿನಲ್ಲಿಟ್ಟು 1.2 ಲಕ್ಷ ತಂದೆ, ವರ್ಷಕ್ಕೆ 9%ಗಿಂತ ಸ್ವಲ್ಪ ಜಾಸ್ತಿ ಬಡ್ಡಿ. ಇಲ್ಲೇ ಗೆಳೆಯರು ನಕ್ಕಿದ್ದು. "ಬಂಗಾರ ಇಟ್ಟ ಮ್ಯಾಲೆ ಬಿಟಿ ಗಿಟಿ ಯಾಕ, ಇನ್ನಷ್ಟು ಇಟ್ಟು ಎಲ್ಲಾ ಮುಗಿಸಿಬಿಡ್ರೀ" ಅಂದರು. ಮನೆಯಲ್ಲಿ ಇಡಲು ಅಷ್ಟೇ ಇದ್ದದ್ದು. ಇನ್ನುಳಿದದ್ದು ತಾಳಿ.

ಆ 1.2 ಲಕ್ಷವನ್ನು ಬಿಲ್ ತಯಾರಾಗುವ ದಿನಕ್ಕಿಂತ ಮೊದಲೇ ಕಾರ್ಡಿಗೆ ಕಟ್ಟಿದೆ. ಇದು ಮುಖ್ಯ. ಬಿಲ್ ಆದಮೇಲೆ ಕಟ್ಟಿದರೆ ಬ್ಯೂರೋಗೆ ಹಳೆ ದೊಡ್ಡ ಅಂಕಿಯೇ ಹೋಗಿಬಿಡಬಹುದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಬ್ಯೂರೋಗೆ ಮಾಹಿತಿ ಕಳಿಸಬೇಕು ಅಂತ ಆಯಿತು. ಮೊದಲಿನ ಹಾಗೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಬಳಕೆ 40%ಗೆ ಇಳಿಯಿತು, ಸ್ಕೋರ್ 780 ದಾಟಿತು.

ನನ್ನ ಹತ್ತಿರ ಇನ್ನೊಂದು ಸಣ್ಣ ಕಾರ್ಡ್ ಇತ್ತು, ಲಿಮಿಟ್ 60,000. ಅಂಗಡಿಯ ಕರೆಂಟ್ ಅಕೌಂಟ್ ಇರುವ ಬ್ಯಾಂಕಿನದೇ. ಪೆಟ್ರೋಲು, ಫೋನ್ ಬಿಲ್ಲಿಗೆ ಬಿಟ್ಟರೆ ಬೇರೆ ಬಳಸಿರಲಿಲ್ಲ, ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತಿದ್ದೆ. ಎರಡು ವರ್ಷದ ಐಟಿ ರಿಟರ್ನ್ ಹಿಡಿದು ಅದರ ಲಿಮಿಟ್ ಹೆಚ್ಚಿಸಲು ಪತ್ರ ಬರೆದು ಕೇಳಿದೆ. ಪಿನ್‌ಕೋಡ್ ತಕರಾರು ಇಲ್ಲಿ ಬರಲ್ಲ, ನಾನು ಆಗಲೇ ಅವರ ಗಿರಾಕಿ. ಆ ಪತ್ರದಲ್ಲಿ ಬರೆದ ಒಂದು ಸಾಲೇ ಕೆಲಸ ಮಾಡಿದ್ದು ಅಂತ ನನ್ನ ನಂಬಿಕೆ. ಅದನ್ನು ಇಲ್ಲಿ ಹಾಕಲ್ಲ, ಎಲ್ಲರೂ ಅದನ್ನೇ ಬರೆದರೆ ಅದರ ಬೆಲೆ ಹೋಗುತ್ತೆ. ಲಿಮಿಟ್ 1.6 ಲಕ್ಷ ಆಯಿತು. ಕೆಲವು ದಿನ ಬಿಟ್ಟು ಬಿಟಿ ಕೇಳಿದೆ. ಲಿಮಿಟ್ಟಿನ 75%ವರೆಗೆ ಆಗುತ್ತೆ ಅಂದರು. ನನಗೆ ಬೇಕಿದ್ದದ್ದು ಬರೀ ಒಂದು ಲಕ್ಷ.

ಒಂದು ಲಕ್ಷಕ್ಕೆ ತಿಂಗಳಿಗೆ 1.2% ಹತ್ತಿರ ಬಡ್ಡಿ, 12 ಕಂತು. ಕಂತು ಸುಮಾರು 9,000. ಪ್ರೊಸೆಸಿಂಗ್ ಫೀ ಬೇರೆ, ಅದಕ್ಕೂ ಕಂತಿನ ಬಡ್ಡಿಗೂ ಜಿಎಸ್‌ಟಿ ಇದೆ. ಬಂಗಾರದ ಬಡ್ಡಿ ತಿಂಗಳಿಗೆ 900 ಚಿಲ್ಲರೆ. ಲೆಕ್ಕ ನೋಡಿ: ಮೊದಲು ಬರೀ ಬಡ್ಡಿಗೆ ಹೋಗುತ್ತಿದ್ದ 9,000 ಈಗ ಕಂತಿಗೆ ಹೋಗುತ್ತಿದೆ, ಅದರಲ್ಲಿ 8,000 ಹತ್ತಿರ ಅಸಲಿಗೆ. ಮೊದಲ ಸಲ ಕಂತಿನ ವಿವರ ಬಂದಾಗ ಕ್ಯಾಲ್ಕುಲೇಟರ್ ಹಿಡಿದು ಎರಡೆರಡು ಸಲ ಕೂಡಿ ನೋಡಿದೆ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದ್ದೆ. 25,000 ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಮಾಡಿಸಿದೆ. ಆದಾಯದ ಪುರಾವೆ ಕೇಳಲ್ಲ, ಪಿನ್‌ಕೋಡ್ ಗೊಡವೆಯೂ ಬರಲಿಲ್ಲ. ಆದರೆ ನನ್ನ ಆ ಕಾರ್ಡಿನ ಮೇಲೆ ಬಿಟಿ ಇಲ್ಲ ಅಂದರು. ನನಗೆ ಅದು ಉಪಯೋಗಕ್ಕೆ ಬರಲಿಲ್ಲ. ರಬಕವಿಯ ನಮ್ಮ ಅಳಿಯನಿಗೆ ಹೇಳಿದೆ, ಅವನದು ಪವರ್‌ಲೂಮ್, ಸಾಲದ ಇತಿಹಾಸವೇ ಇರಲಿಲ್ಲ. ಅವನಿಗೆ ವರ್ಷದೊಳಗೆ ಒಳ್ಳೆ ಸ್ಕೋರ್ ಕಟ್ಟಿಕೊಟ್ಟಿತು. ಸೌಹಾರ್ದ ಸಂಘದಲ್ಲೂ ವಿಚಾರಿಸಿದೆ, 14-15% ಬಡ್ಡಿ, ಇಬ್ಬರು ಜಾಮೀನು. ಕಾಕಾನ ಪ್ರಕರಣ ಆದಮೇಲೆ ಇನ್ನೊಬ್ಬರನ್ನು ಜಾಮೀನಿಗೆ ಎಳೆಯಲು ಮನಸ್ಸು ಬರಲಿಲ್ಲ.

ಮಾಡುವವರು ಒಂದು ನೆನಪಿಟ್ಟುಕೊಳ್ಳಿ. ಬಿಟಿ ಮಂಜೂರಾದ ದಿನವೇ ಹಳೆ ಕಾರ್ಡಿಗೆ ದುಡ್ಡು ಹೋಗಲ್ಲ. ನನಗೆ ನಾಲ್ಕೈದು ದಿನ ಹಿಡಿಯಿತು, ನಡುವೆ ಹಳೆ ಕಾರ್ಡಿನ ಗಡುವು ಬಂತು. ಮಿನಿಮಮ್ ಕಟ್ಟಿಯೇ ಇಟ್ಟಿದ್ದೆ, ಇಲ್ಲದಿದ್ದರೆ ಲೇಟ್ ಫೀ ಬೀಳಬಹುದಿತ್ತು. ಪೂರ್ತಿ ತೀರಿತು ಅಂದುಕೊಂಡ ಮೇಲೂ ಮುಂದಿನ ಬಿಲ್ಲಿನಲ್ಲಿ ಎರಡು ಸಾವಿರದಷ್ಟು ಬಡ್ಡಿ ಬರುತ್ತೆ, ಬಿಲ್ ಆದ ದಿನದಿಂದ ದುಡ್ಡು ಜಮಾ ಆದ ದಿನದವರೆಗಿನದ್ದು. ಅದನ್ನು ನೋಡದೆ ಬಿಟ್ಟರೆ ಅಷ್ಟಕ್ಕೇ ಬಾಕಿದಾರ ಅಂತ ದಾಖಲಾಗುತ್ತೆ. ಹಳೆ ಕಾರ್ಡನ್ನು ನಾನು ಮುಚ್ಚಿಸಿಲ್ಲ. ಅದರ 2.5 ಲಕ್ಷ ಲಿಮಿಟ್ ಖಾಲಿ ಇರುವಷ್ಟು ದಿನ ನನ್ನ ಬಳಕೆಯ ಶೇಕಡಾವಾರು ಕೆಳಗೇ ಇರುತ್ತೆ.