ಮುಟ್ಟಿದರೆ ಮಾತಾಡುವ ಕಾಗಕ್ಕ ಗುಬ್ಬಕ್ಕ

ವಸ್ತು ಮುಟ್ಟಿದರೆ ಕಂಪ್ಯೂಟರ್ ಕಥೆಯ ಮಾತು ನುಡಿಯುವ ಆಟವೊಂದನ್ನು ವಿಶೇಷ ಅಗತ್ಯದ ಮಕ್ಕಳಿಗಾಗಿ ಕಟ್ಟೋಣ. ಕಾಗಕ್ಕನ ಸಗಣಿ ಮನೆ ಮಳೆಗೆ ಕೊಚ್ಚಿಹೋಗಿ, ಅವಳು ಗುಬ್ಬಕ್ಕನ ಬಾಗಿಲು ಬಡಿಯುವ ಕಥೆ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. 'ಬಾಗಿಲು ತೆಗಿ' ಎಂಬ ಮಾತು ಮತ್ತೆ ಮತ್ತೆ ಬರುವುದರಿಂದ, ಮಾತು ಬಾರದ ಮಗುವಿಗೂ ತನ್ನ ಸರದಿ ಯಾವಾಗ ಬರುತ್ತದೆಂದು ಗೊತ್ತಾಗುತ್ತದೆ.

ಬೇಕಾದ್ದು: ಒಂದು ಮೇಕಿ ಮೇಕಿ ಬೋರ್ಡ್ (ವಿದ್ಯುತ್ ಹರಿಯುವ ವಸ್ತುವನ್ನು ಮುಟ್ಟಿದರೆ ಕೀಬೋರ್ಡಿನ ಕೀ ಒತ್ತಿದಂತೆ ಲ್ಯಾಪ್‌ಟಾಪ್‌ಗೆ ತಿಳಿಸುವ ಸಾಧನ), ಸ್ಕ್ರಾಚ್ (ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ತಂತ್ರಾಂಶ) ಇರುವ ಲ್ಯಾಪ್‌ಟಾಪ್, ಎಂಟು ಕ್ಲಿಪ್ ವೈರ್, ಅಲ್ಯೂಮಿನಿಯಂ ಫಾಯಿಲ್.

ಹೆಚ್ಚಿನವರು ಎಡವುವುದು ವಸ್ತುಗಳ ಆಯ್ಕೆಯಲ್ಲಿ. ಪ್ಲಾಸ್ಟಿಕ್ ಕಾಗೆ ಬೇಡ. ಹುಟ್ಟಿನಿಂದ ಕಣ್ಣು ಕಾಣದ ಮಗುವಿನ ಬೆರಳಿಗೆ ಅದು ಬರೀ ನುಣುಪು ಪ್ಲಾಸ್ಟಿಕ್, ಹಕ್ಕಿಯಲ್ಲ. ಕಾಗಕ್ಕನ ಮನೆಗೆ ಒಣ ಬೆರಣಿ (ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಮಗುವಿದ್ದರೆ ತೆಂಗಿನ ನಾರು), ಗುಬ್ಬಕ್ಕನದಕ್ಕೆ ಒರಟು ಕಲ್ಲು, ಮಳೆಗೆ ನೀರು ತುಂಬಿದ ಸ್ಟೀಲ್ ತಟ್ಟೆ, ಬಾಗಿಲಿಗೆ ಹಲಗೆಗೆ ಜಡಿದ ಕಬ್ಬಿಣದ ಚಿಲಕ. ಬೆರಣಿ, ಕಲ್ಲುಗಳಲ್ಲಿ ವಿದ್ಯುತ್ ಹರಿಯದು. ಎರಡು ಬೆರಳಗಲದ ಫಾಯಿಲ್ ಸುತ್ತಿ, ಉಳಿದ ಮೈ ಕೈಗೆ ಸಿಗುವಂತೆ ಬಿಡಿ. ಚಿಲಕದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ, ಇಲ್ಲವಾದರೆ ಅದು ಮಾತಾಡುವುದಿಲ್ಲ.

ನಾಲ್ಕು ವಸ್ತುಗಳನ್ನು ಬೋರ್ಡಿನ ನಾಲ್ಕು ಬಾಣದ ಗುರುತುಗಳಿಗೆ ಜೋಡಿಸಿ. ಮಗು ವಸ್ತುವಿನ ಜೊತೆಗೆ ಅರ್ತನ್ನೂ (ಬೋರ್ಡಿನಲ್ಲಿ 'EARTH' ಎಂದು ಬರೆದಿರುವ ಜಾಗಕ್ಕೆ ಸಿಕ್ಕಿಸಿದ ವೈರನ್ನೂ) ಮುಟ್ಟಿದಾಗಲೇ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಒಂದೇ ಕೈ ಆಡುವ ಮಗುವಿಗೆ ಇನ್ನೊಂದು ಕೈಯಲ್ಲಿ ವೈರ್ ಹಿಡಿಸುವುದು ಆಗದ ಮಾತು. ಆ ವೈರನ್ನು ಮಣಿಕಟ್ಟಿಗೆ ಪಟ್ಟಿಯಾಗಿ ಕಟ್ಟುವುದು ಕೆಲವು ಮಕ್ಕಳಿಗೆ ಹಿಂಸೆ. ಅದಕ್ಕೇ ಪ್ರತಿ ವಸ್ತುವಿಗೂ ಒತ್ತಾಗಿ, ಅರ್ಧ ಸೆಂ.ಮೀ. ಅಂತರದಲ್ಲಿ ಅರ್ತಿನ ಫಾಯಿಲ್ ಪಟ್ಟಿ ಅಂಟಿಸಿ. ಒಂದೇ ಅಂಗೈ ಎರಡನ್ನೂ ಮುಚ್ಚುತ್ತದೆ. ನೀರಿನ ತಟ್ಟೆಗೆ ಮಾತ್ರ ಪಟ್ಟಿ ಹೊರಗೆ, ಒಣ ಜಾಗದಲ್ಲಿರಲಿ. ನೀರು ಹರಿದು ಪಟ್ಟಿಗೆ ತಾಗಿದರೆ ಕೀ ಒತ್ತಿದಂತೆಯೇ ಉಳಿದು, ಮಗು ಮುಟ್ಟಿದರೂ ಮಳೆ ಮತ್ತೆ ಸದ್ದು ಮಾಡುವುದಿಲ್ಲ.

ಸ್ಕ್ರಾಚ್‌ನಲ್ಲಿ ಪ್ರತಿ ವಸ್ತುವಿನ ಮಾತನ್ನು ಅದರ ಬಾಣದ ಕೀಗೆ ಜೋಡಿಸಿ, ಧ್ವನಿಗೆ 'ಪ್ಲೇ ಸೌಂಡ್ ಅಂಟಿಲ್ ಡನ್' ಬ್ಲಾಕ್ ಬಳಸಿ. 'ಸ್ಟಾರ್ಟ್ ಸೌಂಡ್' ಹಾಕಿದರೆ, ಕೈ ಎತ್ತಲು ತಡವಾಗುವ ಮಗುವಿಗೆ ಮಾತು ಮೊದಲಕ್ಷರದಲ್ಲೇ ತೊದಲುತ್ತದೆ. ಅದರ ಕೆಳಗೆ, ಆ ಕೀಯಿಂದ ಕೈ ತೆಗೆಯುವವರೆಗೆ ಕಾಯುವ 'ವೇಟ್ ಅಂಟಿಲ್' ಬ್ಲಾಕ್ ಸೇರಿಸಿ. ಕಿವಿ ಕೇಳದ ಮಕ್ಕಳಿದ್ದರೆ ಜೊತೆಗೇ ಸಂಜ್ಞೆಯ ಫೋಟೊಗಳು ಕಾಸ್ಟ್ಯೂಮ್‌ಗಳಾಗಿ (ಸ್ಕ್ರಾಚ್‌ನ ಪಾತ್ರ ತೊಡುವ ಚಿತ್ರಗಳಾಗಿ) ಬದಲಾಗಲಿ.

ಮುಟ್ಟದೆಯೇ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಮುಟ್ಟಿದರೂ ಬಾರದಿದ್ದರೆ ಅಂಗೈಯನ್ನು ತುಸು ಒದ್ದೆ ಮಾಡಿ.

ಕೈ ಹಿಡಿದು ಒತ್ತಿಸಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ, ಕಾಯಿರಿ. ಬೆರಣಿಗಿಂತ ಮೊದಲೇ ಮಗು ನೀರು ಮುಟ್ಟಿತೇ? 'ಈ ಸಲ ಮನೆ ಕಟ್ಟೋಕೂ ಮೊದಲೇ ಕಾಗಕ್ಕ ನೆನೆದುಬಿಟ್ಟಳು' ಎಂದು ಅಲ್ಲಿಂದಲೇ ಕಥೆ ಮುಂದುವರಿಸಿ.